ಏರಿನಲ್ಲಿ ಎಷ್ಟು ಸೋಲಬೇಕು: ಕ್ರೂಸ್ ಕಂಟ್ರೋಲಿನ ಒಂದು ಚರಿತ್ರೆ

ಪುಣೆಯಿಂದ ಬೆಳಗಾವಿಯ ಕಡೆಗೆ ಕಾರಿನಲ್ಲಿ ಹೊರಟವರಿಗೆಲ್ಲ ಖಂಬಾಟಕಿ ಘಾಟಿಯ ಪರಿಚಯವಿದೆ. ಹಬ್ಬಕ್ಕೋ ಮದುವೆಗೋ ಊರಿಗೆ ಹೊರಡುವ ನಮ್ಮಂಥ ಹೊರನಾಡಿಗರಿಗೆ ಈ ಹೆದ್ದಾರಿಯ ಏರಿಳಿತಗಳು ಬಾಯಿಪಾಠವಾಗಿರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಈ ದಾರಿಯ ಅನುಭವಕ್ಕೆ ಹೊಸತೊಂದು ಸೇರಿಕೊಂಡಿದೆ. ಸ್ಟಿಯರಿಂಗಿನ ಮೇಲಿನ ಗುಂಡಿಯೊತ್ತಿ ಗಂಟೆಗೆ 80 ಕಿಲೋಮೀಟರ್ ಎಂದು ನಿಗದಿಪಡಿಸಿ ಕಾಲನ್ನು ಪೆಡಲಿನಿಂದ ತೆಗೆದುಬಿಟ್ಟರೆ ಕಾರು ತಾನಾಗಿಯೇ ಆ ವೇಗವನ್ನು ಹಿಡಿದುಕೊಂಡು ಹೋಗುತ್ತದೆ. ಬಯಲಿನಲ್ಲಿ ಇದು ಸುಖವೇ ಸರಿ. ಆದರೆ ಏರು ಬಂದೊಡನೆ ಎಂಜಿನ್ನಿನ ದನಿ ಬದಲಾಗುತ್ತದೆ. ಆಟೊಮ್ಯಾಟಿಕ್ ಕಾರಾದರೆ ಗೇರು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಕೆಲವೊಮ್ಮೆ ಎರಡು ಮೆಟ್ಟಿಲು. ಕಾರು ಅಬ್ಬರಿಸುತ್ತ, ಏನೇ ಆದರೂ 80ನ್ನು ಬಿಟ್ಟುಕೊಡೆನೆಂಬಂತೆ ಏರನ್ನು ಹತ್ತುತ್ತದೆ. ಅದೇ ಏರಿನಲ್ಲಿ ಅನುಭವಿ ಚಾಲಕನೊಬ್ಬ ಏನು ಮಾಡುತ್ತಿದ್ದ? ಏರು ಆರಂಭವಾಗುವ ಮುನ್ನ ಒಂದಿಷ್ಟು ವೇಗ ಕೂಡಿಸಿಕೊಂಡು, ಹತ್ತುವಾಗ ಅದು ಕ್ರಮೇಣ ಕರಗಲು ಬಿಟ್ಟು, ನೆತ್ತಿಯನ್ನು ನಿಧಾನವಾಗಿ ದಾಟಿ, ಇಳಿಜಾರಿನಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆಯುತ್ತಿದ್ದ.

ಇವರಿಬ್ಬರಲ್ಲಿ ಇಂಧನ ಉಳಿಸುವವರು ಯಾರು? ಕ್ರೂಸ್ ಕಂಟ್ರೋಲ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆಂದು ಮಾರುವವರು ಹೇಳುತ್ತಾರೆ. ಘಾಟಿಯಲ್ಲಿ ಅದನ್ನು ಆರಿಸಿಬಿಡಿ ಎಂದು ಬಲ್ಲವರು ಹೇಳುತ್ತಾರೆ. ಅದರ ನಿಯಂತ್ರಣವನ್ನೇ ಮಾರ್ಪಡಿಸಿ ಉಳಿತಾಯ ಮಾಡಲು ಹೊರಟ ಹವ್ಯಾಸಿಗಳೂ ಎಂಜಿನಿಯರುಗಳೂ ಜಗತ್ತಿನಲ್ಲಿ ಇದ್ದಾರೆ. ಈ ಮೂವರ ಮಾತಿನಲ್ಲೂ ಸತ್ಯದ ಒಂದೊಂದು ಅಂಶವಿದೆ. ಅವನ್ನು ಬಿಡಿಸಿ ನೋಡಬೇಕಾದರೆ ಈ ಯಂತ್ರ ಹುಟ್ಟಿದ್ದು ಯಾವ ಉದ್ದೇಶಕ್ಕೆ, ಬೆಳೆಯುತ್ತ ಅದು ಯಾವ ಉದ್ದೇಶವನ್ನು ಮರೆಯಿತು ಎಂಬುದನ್ನು ತಿಳಿಯಬೇಕು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಆ ಮರೆವಿನ ಚರಿತ್ರೆಯನ್ನು.

ಹದಗೊಳಿಸುವುದು ಮತ್ತು ಆಳುವುದು

ಯಂತ್ರವೊಂದು ತನ್ನ ವೇಗವನ್ನು ತಾನೇ ಕಾಯ್ದುಕೊಳ್ಳಬೇಕೆಂಬ ಬಯಕೆ ಮೋಟಾರು ಕಾರಿಗಿಂತ ನೂರಾರು ವರ್ಷ ಹಳೆಯದು. ಗಾಳಿಗಿರಣಿಗಳಲ್ಲಿ ಬೀಸುಗಲ್ಲುಗಳ ನಡುವಿನ ಅಂತರವನ್ನು ಹೊಂದಿಸಲು ತಿರುಗುವ ಗುಂಡುಗಳ ಉಪಾಯವನ್ನು ಬಳಸುತ್ತಿದ್ದರು. 1788ರಲ್ಲಿ ಜೇಮ್ಸ್ ವಾಟ್ ಅದನ್ನೇ ಉಗಿಯಂತ್ರಕ್ಕೆ ಅಳವಡಿಸಿದನು. ನೆಟ್ಟಗೆ ನಿಂತ ದಂಡವೊಂದಕ್ಕೆ ತೂಗುಬಿಟ್ಟ ಎರಡು ಲೋಹದ ಗುಂಡುಗಳು ದಂಡದೊಡನೆ ತಿರುಗುತ್ತವೆ. ಯಂತ್ರ ವೇಗವಾಗಿ ಓಡಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಮೇಲೇರುತ್ತವೆ, ಆಗ ಉಗಿಯ ದಾರಿ ಕಿರಿದಾಗುತ್ತದೆ. ಯಂತ್ರ ನಿಧಾನವಾದರೆ ಗುಂಡುಗಳು ಕೆಳಗಿಳಿದು ಉಗಿಯ ದಾರಿ ಅಗಲವಾಗುತ್ತದೆ. ಇಷ್ಟೇ. ಆದರೆ ಈ ಗವರ್ನರಿಗೆ ಒಂದು ಸ್ವಭಾವವಿತ್ತು. ಯಂತ್ರದ ಮೇಲೆ ಹೊರೆ ಹೆಚ್ಚಾದಾಗ ಹೆಚ್ಚು ಉಗಿ ಬೇಕು. ಹೆಚ್ಚು ಉಗಿ ಒಳಬರಬೇಕಾದರೆ ಗುಂಡುಗಳು ಕೆಳಗೇ ಇರಬೇಕು. ಅವು ಕೆಳಗಿರಬೇಕಾದರೆ ವೇಗ ಕೊಂಚ ಕಡಿಮೆಯಾಗಿಯೇ ಉಳಿಯಬೇಕು. ಅಂದರೆ ಭಾರ ಹೊತ್ತ ಯಂತ್ರ ಸ್ವಲ್ಪ ನಿಧಾನವಾಗಿ ನಡೆಯುತ್ತಿತ್ತು, ತಲೆಯ ಮೇಲೆ ಮೂಟೆ ಹೊತ್ತ ಮನುಷ್ಯನಂತೆ.

ಈ ಸ್ವಭಾವದ ಬಗೆಗೆ ಖಚಿತವಾಗಿ ಬರೆದವನು ವಿದ್ಯುತ್ಕಾಂತ ಸಿದ್ಧಾಂತದಿಂದ ಹೆಸರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1868ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಗವರ್ನರುಗಳ ಕುರಿತ ಪ್ರಬಂಧದಲ್ಲಿ ಅವನು ವೇಗನಿಯಂತ್ರಕಗಳನ್ನು ಎರಡು ವರ್ಗವಾಗಿ ವಿಂಗಡಿಸಿದನು. ಮೊದಲನೆಯದು ಮಾಡರೇಟರ್, ಅಂದರೆ ಹದಗೊಳಿಸುವ ಯಂತ್ರ. ಅದು ವೇಗದ ಏರುಪೇರನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಹೊರೆ ಬದಲಾದರೆ ವೇಗವೂ ಅಷ್ಟಿಷ್ಟು ಬದಲಾಗುತ್ತದೆ. ಎರಡನೆಯದು ನಿಜವಾದ ಗವರ್ನರ್, ಅಂದರೆ ಆಳುವ ಯಂತ್ರ. ಅದು ವೇಗದಲ್ಲಿ ತಪ್ಪಿದ ಅಂತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡಂತೆ, ಆ ಅಂತರ ಪೂರ್ತಿ ಇಲ್ಲವಾಗುವವರೆಗೂ ಬಲವನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಹೊರೆ ಏನೇ ಇರಲಿ, ಅದಕ್ಕೆ ಅದೇ ವೇಗವೇ ಬೇಕು.

ಗಿರಣಿಗೂ ವಿದ್ಯುದಾಗಾರಕ್ಕೂ ಎರಡನೆಯದು ದೊಡ್ಡ ವರದಾನವಾಯಿತು. ಆದರೆ ರಸ್ತೆಯ ಮೇಲೆ ಓಡುವ ಕಾರಿಗೆ ಬೇಕಾದುದು ಯಾವುದು? ಹದಗಾರನೋ, ಅರಸನೋ? ಕ್ರೂಸ್ ಕಂಟ್ರೋಲಿನ ಚರಿತ್ರೆಯುದ್ದಕ್ಕೂ ಈ ಪ್ರಶ್ನೆ ಯಾರ ಕಣ್ಣಿಗೂ ಬೀಳದೆ ಅಡಗಿ ಕುಳಿತಿದೆ ಎಂದು ನಮಗೆ ತೋರುತ್ತದೆ.

ಕಾಣದವನು ಕಂಡದ್ದು

ರಾಲ್ಫ್ ಟೀಟರ್ 1890ರಲ್ಲಿ ಅಮೆರಿಕದ ಇಂಡಿಯಾನಾ ಸಂಸ್ಥಾನದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಐದನೆಯ ವಯಸ್ಸಿನಲ್ಲಿ ಚಾಕುವಿನಿಂದಾದ ಅಪಘಾತದಲ್ಲಿ ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಮನೆಯವರು ಅವನನ್ನು ಅಸಹಾಯಕನೆಂಬಂತೆ ಬೆಳೆಸಲಿಲ್ಲ. ಮನೆತನದ ಕಾರ್ಯಾಗಾರದಲ್ಲಿ ಉಪಕರಣಗಳ ನಡುವೆಯೇ ಬೆಳೆದ ಹುಡುಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ 1912ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧನೌಕೆಗಳ ಉಗಿ ಟರ್ಬೈನುಗಳ ತಿರುಗುಭಾಗಗಳನ್ನು ಸಮತೂಕಗೊಳಿಸುವ ಕಷ್ಟದ ಕೆಲಸದಲ್ಲಿ ಅವನು ಯಶಸ್ವಿಯಾದನು. ಅವನ ಬೆರಳುಗಳ ಸೂಕ್ಷ್ಮ ಸ್ಪರ್ಶ ಅವನಿಗೆ ದೊಡ್ಡ ಬಲವಾಗಿತ್ತು. ಮುಂದೆ 1936ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘದ ಅಧ್ಯಕ್ಷನಾದನು. ಪಿಸ್ಟನ್ ರಿಂಗುಗಳನ್ನು ತಯಾರಿಸುವ ಪರ್ಫೆಕ್ಟ್ ಸರ್ಕಲ್ ಕಂಪನಿಯ ಮುಖ್ಯಸ್ಥನೂ ಆದನು.

ಕಾರು ಓಡಿಸಲಾರದ ಈ ಮನುಷ್ಯ ಜೀವನವಿಡೀ ಬೇರೆಯವರು ಓಡಿಸುವ ಕಾರಿನಲ್ಲಿ ಕುಳಿತು ಪ್ರಯಾಣಿಸಿದನು. ಅವನ ವಕೀಲ ಗೆಳೆಯನ ಕತೆ ಪ್ರಸಿದ್ಧವಾಗಿದೆ. ಆ ಗೆಳೆಯ ಕಾರು ನಡೆಸುತ್ತ ತಾನು ಮಾತನಾಡುವಾಗ ನಿಧಾನವಾಗುತ್ತಿದ್ದ, ಟೀಟರ್ ಮಾತನಾಡಿದಾಗ ವೇಗ ಹೆಚ್ಚಿಸುತ್ತಿದ್ದ. ಕಾರು ಹೀಗೆ ಮುಂದಕ್ಕೂ ಹಿಂದಕ್ಕೂ ಜಗ್ಗುವುದನ್ನು ಟೀಟರ್ ಮೈಯಿಂದ ಅರಿತನು. ಓಡಿಸುತ್ತಿದ್ದವನಿಗೆ ಅದು ಗೊತ್ತೇ ಇರಲಿಲ್ಲ. ಕಣ್ಣಿದ್ದವರ ಗಮನ ದಾರಿಯ ಮೇಲಿರುತ್ತದೆ, ತಮ್ಮ ಕಾಲು ಏನು ಮಾಡುತ್ತಿದೆಯೆಂಬುದು ಅವರಿಗೆ ತಿಳಿಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂದರ್ಭವೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯದ ರಬ್ಬರು ತೋಟಗಳು ಜಪಾನಿನ ವಶವಾದುದರಿಂದ ಅಮೆರಿಕದಲ್ಲಿ ಟೈರುಗಳಿಗೆ ಅಭಾವ ಬಂತು. 1942ರಲ್ಲಿ ಅಲ್ಲಿನ ಸರ್ಕಾರ ದೇಶದಾದ್ಯಂತ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರಿನ ವೇಗಮಿತಿ ಹೇರಿತು. ಟೈರನ್ನೂ ಪೆಟ್ರೋಲನ್ನೂ ಉಳಿಸುವುದು ಅದರ ಗುರಿ. ಮಿತಿ ಹೇರುವುದು ಸುಲಭ; ಅಗಲವಾದ ರಸ್ತೆಯ ಮೇಲೆ ಅರಿವಿಲ್ಲದೆ ಒತ್ತುವ ಕಾಲನ್ನು ಆ ಮಿತಿಯೊಳಗೆ ಇಡುವುದು ಕಷ್ಟ. ಟೀಟರ್ ಯೋಚಿಸುತ್ತಿದ್ದುದು ಆ ಕಾಲಿನ ಬಗ್ಗೆಯೇ.

ತಡೆಯುವ ಪೆಡಲು

1950ರ ಆಗಸ್ಟಿನಲ್ಲಿ ಟೀಟರನಿಗೆ ಪೇಟೆಂಟ್ ದೊರೆಯಿತು. ಅದರ ಶೀರ್ಷಿಕೆಯನ್ನು ಗಮನಿಸಬೇಕು: ಆಕ್ಸಿಲರೇಟರಿನ ಚಲನೆಗೆ ಪ್ರತಿರೋಧ ಒಡ್ಡುವ ವೇಗನಿಯಂತ್ರಣ ಸಾಧನ ಎಂಬರ್ಥದ ಹೆಸರು ಅದು. ವೇಗವನ್ನು ಹಿಡಿದಿಡುವ ಸಾಧನವೆಂದಲ್ಲ, ಕಾಲಿಗೆ ಪ್ರತಿರೋಧ ಒಡ್ಡುವ ಸಾಧನವೆಂದು. ಚಾಲಕ ಒಂದು ವೇಗವನ್ನು ಆರಿಸಿಕೊಳ್ಳುತ್ತಾನೆ. ಕಾರು ಆ ವೇಗ ಮುಟ್ಟಿದೊಡನೆ ವಾಟ್‌ನ ಗುಂಡುಗಳ ವಂಶಕ್ಕೇ ಸೇರಿದ ಗವರ್ನರೊಂದು ಅದನ್ನು ಅರಿತು, ಪೆಡಲನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತದೆ. ಕಾಲಿಗೆ ಒಂದು ಸೂಚನೆ ಸಿಗುತ್ತದೆ: ಇಲ್ಲಿಗೆ ಸಾಕು. ಇನ್ನೊಂದು ವಾಹನವನ್ನು ಹಿಂದಿಕ್ಕುವ ಅಗತ್ಯ ಬಿದ್ದರೆ ಆ ತಡೆಯನ್ನು ಮೀರಿ ಒತ್ತಬಹುದು. ಕಾಲು ಪೆಡಲಿನ ಮೇಲೆಯೇ ಇರಬೇಕು. ಏರಿನಲ್ಲಿ ಎಷ್ಟು ಒತ್ತಬೇಕೆಂಬುದನ್ನು ಚಾಲಕನೇ ತೀರ್ಮಾನಿಸಬೇಕು. ಮ್ಯಾಕ್ಸ್‌ವೆಲ್ಲನ ಮಾತಿನಲ್ಲಿ ಹೇಳುವುದಾದರೆ ಅದರ ಮನೋಧರ್ಮ ಅರಸನದಲ್ಲ, ಹದಗಾರನದು.

ಇದಕ್ಕೆ ಕಂಟ್ರೋಲ್‌ಮ್ಯಾಟಿಕ್, ಟಚೋಮ್ಯಾಟಿಕ್, ಪ್ರೆಸ್ಸೋಮ್ಯಾಟಿಕ್ ಎಂಬ ಹೆಸರುಗಳನ್ನೆಲ್ಲ ಯೋಚಿಸಿ ಕಡೆಗೆ ಸ್ಪೀಡೋಸ್ಟ್ಯಾಟ್ ಎಂದು ಕರೆದರು. ಆದರೆ ಗ್ರಾಹಕರು ಬಯಸಿದ್ದು ಬೇರೆ. ಕಾಲಿಗೆ ಎಚ್ಚರಿಕೆ ಕೊಡುವ ಪೆಡಲಿಗಿಂತ ಕಾಲಿನ ಕೆಲಸವನ್ನೇ ವಹಿಸಿಕೊಳ್ಳುವ ಪೆಡಲು ಅವರಿಗೆ ಬೇಕಾಗಿತ್ತು. ವೇಗವನ್ನು ಕೀಲಿ ಹಾಕಿದಂತೆ ಹಿಡಿದಿಡುವ ವ್ಯವಸ್ಥೆ ಕೂಡಿಕೊಂಡಿತು. 1958ರಲ್ಲಿ ಕ್ರೈಸ್ಲರ್ ಕಂಪನಿ ಇಂಪೀರಿಯಲ್ ಮೊದಲಾದ ತನ್ನ ದುಬಾರಿ ಕಾರುಗಳಲ್ಲಿ ಇದನ್ನು ಆಟೋ ಪೈಲಟ್ ಎಂಬ ಹೆಸರಿನಲ್ಲಿ ಒದಗಿಸಿತು. ಡ್ಯಾಶ್‌ಬೋರ್ಡಿನ ಡಯಲು ತಿರುಗಿಸಿ ವೇಗ ಆರಿಸಿದರೆ ಪೆಡಲು ಕಾಲನ್ನು ತಳ್ಳುತ್ತಿತ್ತು; ಗುಂಡಿಯನ್ನು ಎಳೆದರೆ ಕಾಲು ತೆಗೆದರೂ ವೇಗ ನಿಲ್ಲುತ್ತಿತ್ತು. ಒಂದೇ ಯಂತ್ರದಲ್ಲಿ ಎರಡೂ ಇದ್ದವು. ಬಳಿಕ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಕ್ರೂಸ್ ಕಂಟ್ರೋಲ್ ಎಂಬ ಹೆಸರು ಜಗತ್ತಿಗೆ ಅಂಟಿಕೊಂಡಿತು. ಎರಡು ಗುಣಗಳಲ್ಲಿ ತಡೆಯುವ ಗುಣ ಕಾಲಕ್ರಮೇಣ ಮರೆಯಾಯಿತು, ಹಿಡಿದಿಡುವ ಗುಣ ಉಳಿಯಿತು. ಮಿತವ್ಯಯದ ಸಾಧನ ಆರಾಮದ ಸಾಧನವಾಯಿತು.

ಎಣ್ಣೆಯ ಬರ

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. 1974ರ ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಿಂದ ಅಮೆರಿಕದ ಹೆದ್ದಾರಿಗಳಿಗೆ ಗಂಟೆಗೆ 55 ಮೈಲಿಯ, ಅಂದರೆ ಸುಮಾರು 88 ಕಿಲೋಮೀಟರಿನ ಮಿತಿ ಬಂತು. ಅದು ತೆರವಾದದ್ದು 1995ರಲ್ಲಿ. ವಿಸ್ತಾರವಾದ ನೇರ ರಸ್ತೆಗಳಲ್ಲಿ 55ನ್ನು ಮೀರದಿರುವುದು ಮನುಷ್ಯನ ಕಾಲಿಗೆ ಎಷ್ಟು ಕಷ್ಟವೆಂದು ಆಗ ಎಲ್ಲರಿಗೂ ಅರಿವಾಯಿತು. ಆರಾಮದ ವಸ್ತುವಾಗಿದ್ದ ಕ್ರೂಸ್ ಕಂಟ್ರೋಲ್ ಈಗ ಉಳಿತಾಯದ ವಸ್ತುವೂ ಆಯಿತು. ಹಳೆಯ ಕಾರುಗಳಿಗೆ ಕೊಂಡು ಜೋಡಿಸಿಕೊಳ್ಳಬಹುದಾದ ಕಿಟ್‌ಗಳೂ ಅಂಗಡಿಗಳಿಗೆ ಬಂದವು.

ಅದೇ ಬಿಸಿ ಭಾರತಕ್ಕೂ ತಟ್ಟಿತು. 1973ರ ನವೆಂಬರಿನಲ್ಲಿ ಪೆಟ್ರೋಲ್ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಅಟಲ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದದ್ದನ್ನು ದೆಹಲಿಯ ನಮ್ಮ ಹಿರಿಯರು ಕೆಲವರು ಇನ್ನೂ ನೆನೆಯುತ್ತಾರೆ. 1978ರಲ್ಲಿ ಇಂಧನ ಉಳಿತಾಯಕ್ಕೆಂದೇ ಪೆಟ್ರೋಲಿಯಂ ಕನ್ಸರ್ವೇಶನ್ ರಿಸರ್ಚ್ ಅಸೋಸಿಯೇಶನ್ ಸ್ಥಾಪನೆಯಾಯಿತು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿ ಎಂಬ ಅದರ ಪ್ರಚಾರವನ್ನು ನಮ್ಮ ತಲೆಮಾರಿನವರೆಲ್ಲ ಕೇಳಿದ್ದೇವೆ. ಆಗ ನಮ್ಮ ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್ ಇರಲಿಲ್ಲ, ಅದನ್ನು ಬಳಸುವಂಥ ರಸ್ತೆಯೂ ಇರಲಿಲ್ಲ. ಅಂಥ ರಸ್ತೆಗಳ ಕಾಲ ಆರಂಭವಾದದ್ದು 2002ರಲ್ಲಿ ಪೂರ್ತಿಯಾಗಿ ತೆರೆದ ಮುಂಬೈ ಪುಣೆ ಎಕ್ಸ್‌ಪ್ರೆಸ್‌ವೇಯಿಂದ. ಇಂದು ಸಾಧಾರಣ ಬೆಲೆಯ ಕಾರುಗಳಲ್ಲೂ ಈ ಗುಂಡಿ ಇರುತ್ತದೆ. ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶದಲ್ಲಿ ಈ ಗುಂಡಿ ಏನು ಉಳಿಸುತ್ತದೆ, ಏನು ಉಳಿಸುವುದಿಲ್ಲ ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಎರಡು ಲೆಕ್ಕಗಳು

ಲೆಕ್ಕಕ್ಕೆ ಬರೋಣ. ಹೆದ್ದಾರಿಯಲ್ಲಿ ಕಾರಿನ ದೊಡ್ಡ ಶತ್ರು ಗಾಳಿಯ ತಡೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ಪ್ರತಿ ಕಿಲೋಮೀಟರಿಗೂ ಗಾಳಿಯನ್ನು ಸೀಳಲು ನೂರಕ್ಕೆ 56ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ.

ಈಗ ವೇಗದ ಏರುಪೇರನ್ನು ನೋಡೋಣ. ಒಬ್ಬನು ಬಯಲು ದಾರಿಯುದ್ದಕ್ಕೂ 80ರಲ್ಲೇ ಹೋದನು. ಇನ್ನೊಬ್ಬನು ಅರ್ಧ ದೂರವನ್ನು 70ರಲ್ಲೂ ಉಳಿದರ್ಧವನ್ನು 90ರಲ್ಲೂ ಹೋದನು. ಗಾಳಿಯ ವಿರುದ್ಧ ಎರಡನೆಯವನು ವ್ಯಯಿಸಿದ ಶಕ್ತಿ ಮೊದಲನೆಯವನಿಗಿಂತ ನೂರಕ್ಕೆ ಸುಮಾರು ಒಂದೂವರೆಯಷ್ಟು ಮಾತ್ರ ಹೆಚ್ಚು. ಎಷ್ಟು ಚಿಕ್ಕ ವ್ಯತ್ಯಾಸ! ಬ್ರೇಕು ಹಾಕಿ ಮತ್ತೆ ವೇಗ ಕೂಡಿಸಿದರೆ ನಷ್ಟ ಬೇರೆಯಾಗಿ ಸೇರುತ್ತದೆ, ನಿಜ. ಆದರೆ ಮೆಲ್ಲಗಾಗುವ ಏರುಪೇರು ಅಷ್ಟೊಂದು ದುಬಾರಿಯಲ್ಲ. ಹಾಗಾದರೆ ಬಯಲಿನಲ್ಲಿ ಕ್ರೂಸ್ ಕಂಟ್ರೋಲಿನಿಂದ ಆಗುವ ಉಳಿತಾಯದ ಹೆಚ್ಚಿನ ಪಾಲು ಬರುವುದು ವೇಗವನ್ನು ಸಮನಾಗಿ ಇಡುವುದರಿಂದಲ್ಲ, 80 ಎಂದು ಹೊರಟ ಕಾಲು ಅರಿವಿಲ್ಲದೆ 100ಕ್ಕೆ ಜಾರುವುದನ್ನು ತಡೆಯುವುದರಿಂದ. ಅಂದರೆ ಟೀಟರನ ಮೊದಲ ಪೆಡಲು ಮಾಡುತ್ತಿದ್ದ ಕೆಲಸದಿಂದಲೇ. ಗುಂಡಿಯೊತ್ತಿ 110ನ್ನು ನಿಗದಿಪಡಿಸುವವನಿಗೆ ಈ ಯಂತ್ರ ಏನನ್ನೂ ಉಳಿಸಿಕೊಡುವುದಿಲ್ಲ.

ಎರಡನೆಯ ಲೆಕ್ಕ ಏರಿನದು. ಓಡುತ್ತಿರುವ ಕಾರಿನ ವೇಗವೇ ಒಂದು ಉಳಿತಾಯ ಖಾತೆ. ಗಂಟೆಗೆ 90 ಕಿಲೋಮೀಟರಿನಲ್ಲಿ ಓಡುವ ಕಾರಿನ ವೇಗ 80ಕ್ಕೆ ಇಳಿಯಲು ಬಿಟ್ಟರೆ, ಬಿಡುಗಡೆಯಾಗುವ ಚಲನಶಕ್ತಿ ಅದೇ ಕಾರನ್ನು ಸುಮಾರು ಆರೂವರೆ ಮೀಟರ್ ಎತ್ತರಕ್ಕೆ, ಎರಡಂತಸ್ತಿನ ಮನೆಯ ಎತ್ತರಕ್ಕೆ, ಏರಿಸಲು ಸಾಕು. ಕಾರು ಹಗುರವಿರಲಿ ಭಾರವಿರಲಿ ಈ ಎತ್ತರ ಬದಲಾಗುವುದಿಲ್ಲ. ಹೆದ್ದಾರಿಯ ಸಣ್ಣ ದಿಬ್ಬಗಳಲ್ಲಿ ಎಷ್ಟೋ ಇಷ್ಟೇ ಎತ್ತರದವು. ವೇಗ ಇಳಿಯಲು ಬಿಡುವ ಚಾಲಕ ಈ ಖಾತೆಯಿಂದ ಹಣ ತೆಗೆದು ದಿಬ್ಬ ದಾಟುತ್ತಾನೆ, ಇಳಿಜಾರಿನಲ್ಲಿ ಮತ್ತೆ ಜಮಾ ಮಾಡುತ್ತಾನೆ. ಆಳುವ ಯಂತ್ರಕ್ಕೆ ಈ ಖಾತೆಯನ್ನು ಮುಟ್ಟುವ ಅಧಿಕಾರವಿಲ್ಲ. ಅದು ದಿಬ್ಬದ ಖರ್ಚನ್ನೆಲ್ಲ ಆ ಕ್ಷಣದ ಪೆಟ್ರೋಲಿನಿಂದಲೇ ಭರಿಸುತ್ತದೆ, ಗೇರು ಇಳಿಸಿ ಎಂಜಿನ್ನನ್ನು ಅದಕ್ಕೆ ಲಾಭವಲ್ಲದ ಹೆಚ್ಚಿನ ಸುತ್ತುಗಳಲ್ಲಿ ಓಡಿಸುತ್ತದೆ. ಆಚೆ ಬದಿಯ ಇಳಿಜಾರಿನಲ್ಲಿ ಪುಕ್ಕಟೆಯಾಗಿ ಬರುವ ವೇಗವನ್ನೂ ಅದು ಒಪ್ಪುವುದಿಲ್ಲ. ಹಲವು ಕಾರುಗಳಲ್ಲಿ ಎಂಜಿನ್ನಿನ ತಡೆಯಿಂದಲೋ ಬ್ರೇಕಿನಿಂದಲೋ ಆ ವೇಗವನ್ನು ಕರಗಿಸಿಬಿಡುತ್ತದೆ.

ಮಾರ್ಪಡಿಸಿದವರು

ಏರಿನಲ್ಲಿ ಕೊಂಚ ಸೋಲುವ ಗುಣ ಹಳೆಯ ಕ್ರೂಸ್ ಕಂಟ್ರೋಲುಗಳಲ್ಲಿ ತಾನಾಗಿಯೇ ಇತ್ತೆಂಬುದು ವಿನೋದದ ಸಂಗತಿ. ಹಿಂದಿನ ಹಲವು ಯಂತ್ರಗಳು ಪೆಟ್ರೋಲ್ ಎಂಜಿನ್ನಿನ ಒಳಸೆಳೆತದ ನಿರ್ವಾತದಿಂದ ಕೆಲಸ ಮಾಡುತ್ತಿದ್ದವು. ರಬ್ಬರಿನ ಪೊರೆಯೊಂದನ್ನು ಆ ನಿರ್ವಾತ ಎಳೆಯುತ್ತದೆ, ಪೊರೆಗೆ ಕಟ್ಟಿದ ಕೇಬಲು ಥ್ರಾಟಲನ್ನು ತೆರೆಯುತ್ತದೆ. ಆದರೆ ಏರಿನಲ್ಲಿ ಥ್ರಾಟಲ್ ಹೆಚ್ಚು ತೆರೆದಷ್ಟೂ ನಿರ್ವಾತ ಕುಂದುತ್ತದೆ. ಪೊರೆಯ ಹಿಡಿತ ಸಡಿಲವಾಗಿ ಕಾರು ದೀರ್ಘವಾದ ಏರಿನಲ್ಲಿ ತಾನೇ ನಿಧಾನವಾಗುತ್ತದೆ. ತಯಾರಕರು ಇದನ್ನು ದೋಷವೆಂದು ಬಗೆದು ನಿರ್ವಾತ ಕೂಡಿಟ್ಟುಕೊಳ್ಳುವ ಡಬ್ಬಿ, ಒಮ್ಮುಖ ಕವಾಟ, ಕೆಲವೆಡೆ ಪ್ರತ್ಯೇಕ ಪಂಪುಗಳನ್ನೂ ಸೇರಿಸಿದರು. 1968ರಲ್ಲಿ ಡೇನಿಯಲ್ ವಿಸ್ನರ್ ರೂಪಿಸಿದ ಎಲೆಕ್ಟ್ರಾನಿಕ್ ವ್ಯವಸ್ಥೆಯಿಂದ ಹೊಸ ದಾರಿ ತೆರೆಯಿತು. ಮುಂದಿನ ದಶಕಗಳ ಚಿಪ್ಪುಗಳು ವೇಗದ ತಪ್ಪನ್ನು ಕೂಡಿಸುತ್ತ ಹೋಗಿ ಅದನ್ನು ಸೊನ್ನೆಗೆ ತರುವ ವಿದ್ಯೆಯನ್ನು ಪಳಗಿಸಿಕೊಂಡವು. ಮ್ಯಾಕ್ಸ್‌ವೆಲ್ಲನ ಎರಡನೆಯ ವರ್ಗ ಗೆದ್ದಿತು.

ಇಂಧನ ಉಳಿಸಹೊರಟ ಮಾರ್ಪಾಡುಗಳೆಲ್ಲ ಒಂದರ್ಥದಲ್ಲಿ ಈ ಗೆಲುವನ್ನು ಹಿಂದಕ್ಕೆ ತಿರುಗಿಸುವ ಪ್ರಯತ್ನಗಳೇ. ಹಳೆಯ ಕಾರಿನಲ್ಲಾದರೆ ಥ್ರಾಟಲ್ ಇಂತಿಷ್ಟಕ್ಕಿಂತ ಹೆಚ್ಚು ತೆರೆಯದಂತೆ ಕೇಬಲಿನ ಎಳೆತಕ್ಕೆ ಮಿತಿ ಹಾಕುವುದು. ನಿರ್ವಾತ ತೋರಿಸುವ ಮಾಪಕವನ್ನು ಕಣ್ಣೆದುರು ಇಟ್ಟುಕೊಳ್ಳುವುದು. ಎಲೆಕ್ಟ್ರಾನಿಕ್ ನಿಯಂತ್ರಣವಾದರೆ ಅದರ ಪ್ರತಿಕ್ರಿಯೆಯನ್ನು ಮೃದುಗೊಳಿಸಿ ಒಂದೇ ವೇಗದ ಬದಲು ಒಂದು ಶ್ರೇಣಿಯನ್ನು ಕೊಡುವುದು. ಇಲ್ಲವೆ ವೇಗವನ್ನು ಬಿಟ್ಟು ಥ್ರಾಟಲನ್ನೇ ಸ್ಥಿರವಾಗಿಡುವುದು. ಸಮನಾಗಿರಬೇಕಾದದ್ದು ವೇಗವಲ್ಲ, ಎಂಜಿನ್ನಿನ ಶ್ರಮ ಎಂಬುದು ಇವೆಲ್ಲದರ ಹಿಂದಿನ ವಿಚಾರ.

ಇದಕ್ಕಿಂತಲೂ ಮುಂದೆ ಹೋದವರಿದ್ದಾರೆ. 1939ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿದ್ದ ಶೆಲ್ ಕಂಪನಿಯ ಪ್ರಯೋಗಾಲಯದ ವಿಜ್ಞಾನಿಗಳು ಯಾರ ಕಾರು ಒಂದು ಗ್ಯಾಲನ್ನಿಗೆ ಹೆಚ್ಚು ದೂರ ಓಡುತ್ತದೆಂದು ತಮ್ಮತಮ್ಮೊಳಗೆ ಪಂದ್ಯ ಕಟ್ಟಿದರು. ಗೆದ್ದವನು ಓಡಿಸಿದ್ದು ಸುಮಾರು 50 ಮೈಲಿ. 1973ರ ವೇಳೆಗೆ ಆ ಪಂದ್ಯದಲ್ಲಿ ವಿಪರೀತವಾಗಿ ಮಾರ್ಪಡಿಸಿದ 1959ರ ಒಪೆಲ್ ಕಾರೊಂದು 376 ಮೈಲಿ ಓಡಿತು. ಅಂದರೆ ಲೀಟರಿಗೆ ಸುಮಾರು 160 ಕಿಲೋಮೀಟರ್. ಇಂಥ ಪಂದ್ಯಗಳ ಒಂದು ಮುಖ್ಯ ತಂತ್ರ ಸಮವೇಗಕ್ಕೆ ತೀರ ವಿರುದ್ಧವಾದದ್ದು: ಎಂಜಿನ್ನನ್ನು ಅದರ ಹೊರೆ ಲಾಭದಾಯಕವಾಗಿರುವಂತೆ ಓಡಿಸಿ ವೇಗ ಹೆಚ್ಚಿಸುವುದು, ಬಳಿಕ ಅದನ್ನು ಆರಿಸಿ ಕಾರನ್ನು ಉರುಳಲು ಬಿಡುವುದು, ಮತ್ತೆ ಹೊತ್ತಿಸುವುದು. ಕಡಿಮೆ ಹೊರೆಯಲ್ಲಿ ಒಂದೇ ಸಮನೆ ಓಡುವ ಪೆಟ್ರೋಲ್ ಎಂಜಿನ್ ಅರೆಮುಚ್ಚಿದ ಥ್ರಾಟಲಿನ ಮೂಲಕ ಗಾಳಿಯನ್ನೆಳೆಯಲೇ ಎಷ್ಟೋ ಶಕ್ತಿ ಕಳೆಯುತ್ತದೆ ಎಂಬುದು ಇದಕ್ಕೆ ಕಾರಣ. ಪಂದ್ಯದ ಮೈದಾನಕ್ಕೆ ಇದು ಸರಿ. ಜನ ಓಡಾಡುವ ರಸ್ತೆಯಲ್ಲಿ ಎಂಜಿನ್ ಆರಿಸಿದರೆ ಬ್ರೇಕಿನ ನೆರವೂ ಸ್ಟಿಯರಿಂಗಿನ ನೆರವೂ ಹೋಗುತ್ತದೆ. ಅಲ್ಲಿ ಪೆಟ್ರೋಲಿನ ಬದಲು ಪ್ರಾಣ ಖರ್ಚಾದೀತು.

ಮುಂದಿನ ಏರನ್ನು ಬಲ್ಲ ಯಂತ್ರ

ಹವ್ಯಾಸಿಗಳು ಅಂದಾಜಿನಲ್ಲಿ ಮಾಡಿದ್ದನ್ನು ಗಣಿತದಿಂದ ಮಾಡಿ ತೋರಿಸಿದವರು ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು. ಎರಿಕ್ ಹೆಲ್‌ಸ್ಟ್ರೋಮ್ ಮತ್ತು ಸಂಗಡಿಗರು ಲಾರಿಯ ಕ್ರೂಸ್ ಕಂಟ್ರೋಲಿಗೆ ಮುಂದಿರುವ ರಸ್ತೆಯ ಏರಿಳಿತದ ನಕಾಶೆಯನ್ನೂ ಜಿಪಿಎಸ್ಸನ್ನೂ ಜೋಡಿಸಿದರು. ಏರು ಬರುವ ಮುಂಚೆಯೇ ವೇಗ ಕೂಡಿಸಿಕೊಳ್ಳಬೇಕೋ, ನೆತ್ತಿಗೆ ಮುಂಚೆಯೇ ಇಂಧನ ಕಡಿಮೆ ಮಾಡಬೇಕೋ ಎಂಬುದನ್ನು ಯಂತ್ರ ಲೆಕ್ಕ ಹಾಕುವಂತೆ ಮಾಡಿದರು. 120 ಕಿಲೋಮೀಟರ್ ಹೆದ್ದಾರಿಯಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರಯಾಣದ ಸಮಯ ಹೆಚ್ಚಾಗದೆಯೇ ನೂರಕ್ಕೆ ಸುಮಾರು ಮೂರೂವರೆಯಷ್ಟು ಇಂಧನ ಉಳಿಯಿತು. ಗೇರು ಬದಲಾವಣೆಗಳು ನೂರಕ್ಕೆ 42ರಷ್ಟು ಕಡಿಮೆಯಾದವು. ಮೂರೂವರೆ ಎಂದರೆ ಸಣ್ಣ ಸಂಖ್ಯೆಯೆಂದು ತೋರಬಹುದು. ವರ್ಷಕ್ಕೆ ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡುವ ಲಾರಿಯ ಮಾಲೀಕನಿಗೆ ಅದು ಸಣ್ಣದಲ್ಲ. 2009ರಿಂದ ಈಚೆಗೆ ಫ್ರೈಟ್‌ಲೈನರ್, ಸ್ಕೇನಿಯಾ, ಮರ್ಸಿಡಿಸ್ ಮೊದಲಾದ ಕಂಪನಿಗಳ ಲಾರಿಗಳಲ್ಲಿ ಇಂಥ ವ್ಯವಸ್ಥೆಗಳು ಬಂದಿವೆ.

ಈ ಯಂತ್ರ ಕಲಿತದ್ದು ಹೊಸ ವಿದ್ಯೆಯೇನಲ್ಲ. ನಮ್ಮ ಘಾಟಿಗಳಲ್ಲಿ ಲಾರಿ ನಡೆಸುವ ಹಳೆಯ ಚಾಲಕರು ದಾರಿಯನ್ನು ನೆನಪಿನಲ್ಲಿಟ್ಟುಕೊಂಡು ಮಾಡುವುದನ್ನೇ ಅದು ನಕಾಶೆ ನೋಡಿ ಮಾಡುತ್ತದೆ. ನಿಗದಿಯಾದ ವೇಗದಿಂದ ಕೊಂಚ ತಪ್ಪಲು ಅದಕ್ಕೆ ಅನುಮತಿ ಸಿಕ್ಕಿದೆ, ಅಷ್ಟೇ. ಆ ಅನುಮತಿಯಲ್ಲೇ ಉಳಿತಾಯವೂ ಇದೆ.

ನಮ್ಮ ಪಾಲಿಗೆ ಏನು

ಹಾಗಾದರೆ ನಾವೂ ನಮ್ಮ ಕಾರುಗಳ ನಿಯಂತ್ರಣವನ್ನು ಮಾರ್ಪಡಿಸಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. ಥ್ರಾಟಲಿಗೆ ಕೈಹಾಕುವುದು ಕಾರಿನ ಕೊರಳಿಗೆ ಕೈಹಾಕಿದಂತೆ. ಸಿಕ್ಕಿಕೊಂಡ ಥ್ರಾಟಲು ಕೊಲ್ಲಬಲ್ಲದು. ತಯಾರಕರು ಕೊಟ್ಟ ಮೂಲ ರೂಪದಿಂದ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ನಿರ್ಬಂಧವೂ ಇದೆ. ಮಾರ್ಪಡಿಸಬೇಕಾದದ್ದು ಯಂತ್ರವನ್ನಲ್ಲ, ಅದನ್ನು ಬಳಸುವ ಕ್ರಮವನ್ನು. ಬಯಲಿನಲ್ಲಿ ಮಿತವಾದ ವೇಗಕ್ಕೆ ನಿಗದಿಪಡಿಸಿ ಯಂತ್ರಕ್ಕೆ ಒಪ್ಪಿಸೋಣ. ದಿಬ್ಬಗಳ ಸಾಲು ಎದುರಾದಾಗ, ಘಾಟಿ ಹತ್ತಿರವಾದಾಗ, ಮಳೆ ಬಂದಾಗ, ಜನಸಂದಣಿಯಿದ್ದಾಗ ಗುಂಡಿಯೊತ್ತಿ ಅದನ್ನು ಬಿಡಿಸಿ ಕಾಲಿಗೆ ಕೆಲಸ ಕೊಡೋಣ. ಹಿಂದೆ ವಾಹನಗಳಿಲ್ಲದಿದ್ದರೆ ದಿಬ್ಬದಲ್ಲಿ ಹತ್ತು ಕಿಲೋಮೀಟರ್ ವೇಗ ಕಳೆದುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಘಾಟಿ ಇಳಿಯುವಾಗ ಮಾತ್ರ ನ್ಯೂಟ್ರಲ್‌ಗೆ ಹಾಕುವ ಹಳೆಯ ಚಾಳಿ ಬೇಡ. ಇಂದಿನ ಕಾರುಗಳಲ್ಲಿ ಗೇರಿನಲ್ಲಿದ್ದು ಪೆಡಲು ಬಿಟ್ಟಾಗ ಇಂಧನ ತಾನಾಗಿಯೇ ನಿಲ್ಲುತ್ತದೆ; ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗುತ್ತಿರಲು ಇಂಧನ ಬೇಕು, ಜೊತೆಗೆ ಬ್ರೇಕು ಕಾದು ಹಿಡಿತ ತಪ್ಪುವ ಭಯವೂ ಇದೆ.

ಟೀಟರನ ಮೊದಲ ವಿಚಾರ ನಮ್ಮ ದೇಶದಲ್ಲಿ ಇನ್ನೊಂದು ರೂಪದಲ್ಲಿ ಬದುಕಿದೆ. ಲಾರಿ, ಬಸ್ಸುಗಳಿಗೆ ಗಂಟೆಗೆ 80 ಕಿಲೋಮೀಟರ್ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಅಳವಡಿಸಬೇಕೆಂಬ ನಿಯಮವಿದೆ. ಅದು ವೇಗವನ್ನು ಹಿಡಿದಿಡುವುದಿಲ್ಲ, ಮೀರದಂತೆ ನೋಡಿಕೊಳ್ಳುತ್ತದೆ. ಹೆಸರು ಗವರ್ನರ್ ಆದರೂ ಏರಿನಲ್ಲಿ ಎಷ್ಟು ನಿಧಾನವಾಗಬೇಕೆಂಬುದನ್ನು ಅದು ಚಾಲಕನಿಗೇ ಬಿಟ್ಟಿದೆ.

ಟೀಟರ್ ತೀರಿಕೊಂಡದ್ದು 1982ರಲ್ಲಿ. ತನ್ನ ಜೀವಮಾನದಲ್ಲಿ ತಾನೇ ಒಮ್ಮೆಯೂ ಹೆದ್ದಾರಿಯಲ್ಲಿ ಕಾರು ನಡೆಸದ ಅವನು ಕಾರು ನಡೆಸುವವರಿಗೆ ಕೊಡಬಯಸಿದ್ದು ತನ್ನಲ್ಲಿದ್ದ ಅರಿವಿನ ಒಂದು ಚೂರನ್ನು. ನೀವು ಗಮನಿಸದೆ ಮಾಡುತ್ತಿರುವುದನ್ನು ನಿಮ್ಮ ಪಾದಕ್ಕೆ ತಿಳಿಸುತ್ತೇನೆ ಎಂಬಂತಿತ್ತು ಅವನ ಪೆಡಲು. ನಾವು ಅದನ್ನು, ಗಮನಿಸುವುದೇ ಬೇಡವೆನ್ನುವ ಅನುಕೂಲವಾಗಿ ಬದಲಿಸಿಕೊಂಡೆವು. ಮುಂದಿನ ಸಲ ಖಂಬಾಟಕಿಯನ್ನು ಹತ್ತುವಾಗ ಒಮ್ಮೆ ಗುಂಡಿ ಬಿಡಿಸಿ, ಕಾಲನ್ನು ಪೆಡಲಿನ ಮೇಲಿಟ್ಟು, ಎಂಜಿನ್ನಿನ ದನಿಯನ್ನು ಕೇಳುತ್ತ ಹೋಗೋಣ. ನೆತ್ತಿ ಮುಟ್ಟುವುದು ಅರ್ಧ ನಿಮಿಷ ತಡವಾದೀತು. ಊರೇನೂ ಓಡಿಹೋಗುವುದಿಲ್ಲ.